ಕೌದಿಯ ಕಸುಬು



ರಾತ್ರಿ ಚಳಿಯಾದಾಗ ಮೈಮೇಲೆ ಎಳೆದುಕೊಳ್ಳುವ ಹೊದಿಕೆಯ ವಿಷಯವಾಗಿ ಇಂದು ನಿಮ್ಮೊಡನೆ ನಾಲ್ಕು ಮಾತುಗಳನ್ನಾಡಬೇಕೆಂದು ನಾವು ಬಂದಿದ್ದೇವೆ. ವಿಷಯವು ಬಹು ಅಲ್ಪವಾದುದೆಂದು ನಿಮ್ಮಲ್ಲಿ ಕೆಲವರಿಗೆ ತೋರಬಹುದು. ಕೌದಿಯನ್ನು ಕಾಣದವರು ಕನ್ನಡನಾಡಿನಲ್ಲಿ ಯಾರಿದ್ದಾರೆ? ಹಳೆಯ ಸೀರೆ, ಹರಿದ ಧೋತರ, ಮಕ್ಕಳಿಗೆ ಚಿಕ್ಕದಾದ ಅಂಗಿ, ಇವುಗಳನ್ನು ಒಂದರ ಮೇಲೊಂದು ಹಾಸಿ ಹೊಲಿದರೆ ಕೌದಿಯಾಯಿತು. ಅದರಲ್ಲಿ ಹೇಳತಕ್ಕದ್ದೇನಿದೆ, ಎಂದು ನೀವು ಕೇಳಬಹುದು. ನಾವೂ ಬಹುಕಾಲ ಹಾಗೆಯೇ ಎಣಿಸಿದ್ದೆವು. ಆ ಎಣಿಕೆಯು ತಪ್ಪೆಂದು ನಮಗೆ ತಿಳಿದುಬಂದ ಬಗೆಯನ್ನೇ ಈ ಹೊತ್ತು ನಿಮಗೆ ನಿವೇದಿಸಿಕೊಳ್ಳಬೇಕೆಂದಿದ್ದೇವೆ.

ಮೊದಲು ಹೆಸರಿನ ಮಾತು. ಬಡಗಣ ಕರ್ನಾಟಕದಲ್ಲಿ ಕೌದಿ ಎನ್ನುವುದಕ್ಕೆ ಹಳೆಯ ಗ್ರಂಥಗಳಲ್ಲಿ ಬೊಂತೆ ಎಂಬ ಮಾತುಂಟು. ಕಂತೆ ಎಂಬ ಮಾತೂ ಅದೇ ಅರ್ಥದಲ್ಲಿ ಬಳಕೆಯಲ್ಲಿದ್ದಿತು. ಇದು ಸಂಸ್ಕೃತದ ಕಂಥಾ ಎಂಬ ಶಬ್ದದಿಂದ ಬಂದುದು. ಬಂಗಾಳದವರು ಇಂದಿಗೂ ತಮ್ಮ ಹೊಲಿದ ಹೊದಿಕೆಯನ್ನು ಕಾಂಥಾ ಎಂದೇ ಕರೆಯುತ್ತಾರೆ. ಬಿಹಾರದಲ್ಲಿ ಅದು ಸುಜನಿ, ಮಹಾರಾಷ್ಟ್ರದಲ್ಲಿ ಗೋಧಡಿ. ಶಿವಶರಣೆಯರ ಸಾಲಿನಲ್ಲಿ ಬೊಂತಾದೇವಿ ಎಂಬಾಕೆಯ ಹೆಸರನ್ನು ನೀವು ಕೇಳಿದ್ದೀರಿ. ಕಾಶ್ಮೀರದ ರಾಜಪುತ್ರಿಯಾಗಿದ್ದ ಆಕೆಯು ಎಲ್ಲವನ್ನೂ ತೊರೆದು ಕಲ್ಯಾಣಕ್ಕೆ ಹೊರಟಾಗ ಶಿವನು ಹೊದೆಯಲು ಒಂದು ಬೊಂತೆಯನ್ನು ಕೊಟ್ಟನೆಂದೂ, ಆ ಕಾರಣದಿಂದ ಆಕೆಗೆ ಆ ಹೆಸರು ಬಂದಿತೆಂದೂ ಐತಿಹ್ಯವಿದೆ. ಅರಮನೆಯ ಪೀತಾಂಬರವನ್ನು ಬಿಟ್ಟವಳಿಗೆ ದೇವರು ಕೊಟ್ಟುದು ತೇಪೆಯ ಹೊದಿಕೆ ಎಂಬುದನ್ನು ನಾವು ಮರೆಯಬಾರದು.

ಇದಕ್ಕಿಂತ ಹಳೆಯದಾದ ಇನ್ನೊಂದು ಕಥೆಯು ಬೌದ್ಧರ ವಿನಯಪಿಟಕದಲ್ಲಿದೆ. ಭಗವಾನ್ ಬುದ್ಧನು ಮಗಧದ ಸೀಮೆಯಲ್ಲಿ ಸಂಚರಿಸುತ್ತಿದ್ದಾಗ ಬದುಗಳಿಂದ ಚೌಕ ಚೌಕವಾಗಿ ಕಟ್ಟಿದ್ದ ಗದ್ದೆಗಳನ್ನು ಕಂಡು, ಭಿಕ್ಷುಗಳ ಚೀವರವನ್ನು ಇದೇ ರೀತಿಯಲ್ಲಿ ತುಂಡುಗಳನ್ನು ಕೂಡಿಸಿ ಹೊಲಿಯಬಹುದೆ ಎಂದು ಆನಂದನನ್ನು ಕೇಳಿದನಂತೆ. ಆನಂದನು ಹಾಗೆಯೇ ಹೊಲಿದು ತೋರಿಸಿದನಂತೆ. ಈ ಕಥೆಯು ನಮಗೆ ನೆನಪಾದುದು ಪುಸ್ತಕದ ಮುಂದೆ ಕುಳಿತಾಗ ಅಲ್ಲ, ಗಂಗಾವತಿಯ ಸೀಮೆಯ ಮರಳಿ ಎಂಬ ಗ್ರಾಮದಲ್ಲಿ, ಒಬ್ಬ ತಾಯಿಯ ಮನೆಯ ಪಡಸಾಲೆಯಲ್ಲಿ.

ಆ ಸೀಮೆಯ ಪರಿಚಯವನ್ನು ಸ್ವಲ್ಪ ಹೇಳಬೇಕು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲ್ಲೂಕುಗಳು 1948ರವರೆಗೆ ಹೈದರಾಬಾದಿನ ನಿಜಾಮರ ಆಳಿಕೆಗೆ ಸೇರಿದ್ದುವು. ಆಮೇಲೆ ಬಹುಕಾಲ ರಾಯಚೂರು ಜಿಲ್ಲೆಯ ಭಾಗವಾಗಿದ್ದು, 1997ರಲ್ಲಿ ಕೊಪ್ಪಳ ಜಿಲ್ಲೆಯೆಂದು ಬೇರೆಯಾದುವು. ಕುಷ್ಟಗಿ ಯಲಬುರ್ಗಾಗಳ ಕಡೆ ಮಳೆಯನ್ನೇ ನಂಬಿದ ಎರೆ ಮತ್ತು ಮಸಾರಿ ಭೂಮಿ; ಜೋಳ, ಸಜ್ಜೆ, ಕುರಿಯ ಹಿಂಡು. ಗಂಗಾವತಿಯ ಕಡೆಯಾದರೋ 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು, ಎಡದಂಡೆಯ ಕಾಲುವೆಯಲ್ಲಿ ನೀರು ಹರಿದಮೇಲೆ, ನೆಲದ ಮುಖವೇ ಬದಲಾಯಿತು. ಕಣ್ಣು ಹೋಗುವಷ್ಟು ದೂರ ಭತ್ತದ ಗದ್ದೆ. ಬದು ಬದುಗಳ ನಡುವೆ ಒಂದು ಹಸುರು, ಇನ್ನೊಂದು ಹಳದಿ, ಮತ್ತೊಂದು ನೀರು ನಿಂತು ಬೆಳ್ಳಗೆ. ಮರಳಿಯ ಆ ತಾಯಿಯು ಪಡಸಾಲೆಯಲ್ಲಿ ಹಾಸಿದ್ದ ಕೌದಿಯನ್ನು ನೋಡಿ ಹೊರಗೆ ಗದ್ದೆಯನ್ನು ನೋಡಿದಾಗ, ಆನಂದನು ಹೊಲಿದ ಚೀವರದ ಕಥೆಯಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲವೆಂದು ನಮಗೆ ಮನವರಿಕೆಯಾಯಿತು.

ನಾವು ಅಲ್ಲಿಗೆ ಹೋದುದು ಒಬ್ಬ ಸ್ನೇಹಿತರ ಮನೆಯ ಮದುವೆಗೆ. ಬೇಸಗೆಯ ಕಾಲ, ಒಂದು ಬೆಳೆ ಮುಗಿದು ಗದ್ದೆಯ ಕೆಲಸವು ಕಡಮೆಯಾಗಿದ್ದ ಸಮಯ. ಇದೇ ಕೌದಿಯ ಕಾಲವೂ ಹೌದು. ನಾಟಿ, ಕಳೆ, ಕೊಯ್ಲುಗಳಲ್ಲಿ ಬೆನ್ನು ಬಾಗಿಸಿದ ಹೆಂಗಸರು ಈಗ ಮಧ್ಯಾಹ್ನದ ಹೊತ್ತು ಪಡಸಾಲೆಯಲ್ಲಿ ಕುಳಿತು ಸೂಜಿ ಹಿಡಿಯುತ್ತಾರೆ. ಆ ತಾಯಿಗೆ ವಯಸ್ಸು ಅರುವತ್ತನ್ನು ದಾಟಿರಬೇಕು. ಏಳೆಂಟು ವರ್ಷದ ಹುಡುಗಿಯಾಗಿದ್ದಾಗ ಅಜ್ಜಿಯ ಪಕ್ಕದಲ್ಲಿ ಕುಳಿತು ದಾರ ಪೋಣಿಸಿ ಕೊಡುತ್ತಿದ್ದಳಂತೆ. ಅಂದಿನಿಂದ ಇಂದಿನವರೆಗೆ ಕೌದಿ ಹೊಲಿಯದ ಬೇಸಗೆಯೇ ಇಲ್ಲವೆಂದಳು. ತನ್ನ ಮದುವೆಗೆ, ಮಕ್ಕಳ ತೊಟ್ಟಿಲಿಗೆ, ಹೆಣ್ಣುಮಕ್ಕಳನ್ನು ಅತ್ತೆಯ ಮನೆಗೆ ಕಳುಹಿಸುವಾಗ, ನೆರೆಹೊರೆಯವರ ಬಾಣಂತಿಯರಿಗೆ, ಹೀಗೆ ಎಷ್ಟು ಹೊಲಿದಿದ್ದಾಳೆಂಬ ಲೆಕ್ಕವು ಆಕೆಗೂ ಗೊತ್ತಿಲ್ಲ. ಗಂಡನು ತೀರಿಕೊಂಡಮೇಲೆ, ಮೊಣಕಾಲ ನೋವಿನಿಂದ ಗದ್ದೆಗೆ ಇಳಿಯುವುದು ಸಾಧ್ಯವಾಗದೆ, ಪ್ರೀತಿಯಿಂದ ಮಾಡುತ್ತಿದ್ದ ಕೆಲಸವನ್ನೇ ಈಗ ಹೊಟ್ಟೆಪಾಡಿಗೆ ಮಾಡುತ್ತಿದ್ದಾಳೆ. ಊರವರು ಹಳೆಯ ಬಟ್ಟೆಯನ್ನು ಕೊಟ್ಟು ಹೊಲಿಸಿಕೊಳ್ಳುತ್ತಾರೆ. ಕೆಲವರು ಹಣವನ್ನು ಕೊಡುತ್ತಾರೆ, ಕೆಲವರು ಅಕ್ಕಿಯನ್ನೋ ಜೋಳವನ್ನೋ ಅಳೆದುಕೊಡುತ್ತಾರೆ.

"ಹೊಲಿಯಾಕ ಕುಂತ್ರ ಹಸಿವು ನೀರಡಿಕಿ ಗೊತ್ತಾಗಂಗಿಲ್ರೀ ಯಪ್ಪಾ," ಎಂದು ಆಕೆಯು ನಗುತ್ತ ಹೇಳಿದಳು. "ಎದ್ದ ಮ್ಯಾಲ ಗೊತ್ತಾಗತೈತಿ."

ಕೆಲಸದ ಕ್ರಮವನ್ನು ಆಕೆಯು ನಮಗೆ ಸಾವಧಾನವಾಗಿ ತೋರಿಸಿದಳು. ಬಟ್ಟೆಗಳನ್ನು ಮೊದಲು ಚೆನ್ನಾಗಿ ಒಗೆದು ಒಣಗಿಸಬೇಕು. ಹರಿದ ಅಂಚು, ಗುಂಡಿ, ಕಾಲರುಗಳನ್ನು ಕತ್ತರಿಸಿ ತೆಗೆಯಬೇಕು. ಒಂದು ದೊಡ್ಡ ಸೀರೆಯನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ಅದರ ಮೇಲೆ ನಡುವಣ ಪದರಗಳನ್ನು ಹರಡಬೇಕು. ಬಣ್ಣಗೆಟ್ಟ ಹಾಗೂ ತೆಳುವಾದ ಬಟ್ಟೆಗಳೆಲ್ಲ ಇಲ್ಲಿ ಅಡಗುತ್ತವೆ. ಎಲ್ಲಕ್ಕೂ ಮೇಲೆ ಕಣ್ಣಿಗೆ ಕಾಣುವ ತುಂಡುಗಳು. ಇಳಕಲ್ಲಿನ ಸೀರೆಯ ಕೆಂಪು ಸೆರಗು, ಗುಳೇದಗುಡ್ಡದ ಖಣದ ಚೌಕ, ಮಗನ ಶಾಲೆಯ ಅಂಗಿಯ ನೀಲಿ, ಇವು ಯಾವುದರ ಪಕ್ಕದಲ್ಲಿ ಯಾವುದು ಬರಬೇಕೆಂಬುದೇ ಆಕೆಯ ವಿದ್ಯೆ. ಇದಕ್ಕೆ ಬರೆದ ನಕ್ಷೆಯಿಲ್ಲ. ನಾವು ನೋಡುತ್ತಿದ್ದಾಗಲೇ ಒಂದು ಹಳದಿ ತುಂಡನ್ನು ಮೂರು ಕಡೆ ಇಟ್ಟು, ದೂರ ಹೋಗಿ ನಿಂತು ನೋಡಿ, ತಲೆಯಾಡಿಸಿ, ನಾಲ್ಕನೆಯ ಕಡೆ ಇಟ್ಟಳು. ಆಮೇಲೆ ಪದರಗಳು ಜಾರದಂತೆ ಅಲ್ಲಲ್ಲಿ ದೊಡ್ಡ ಹೊಲಿಗೆಯನ್ನು ಹಾಕಿಕೊಂಡು, ದಪ್ಪ ದಾರದಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ನೇರ ಹೊಲಿಗೆಯ ಸಾಲುಗಳನ್ನು ಎಳೆಯುತ್ತ ಹೋಗುವುದು. ಈ ಸಾಲುಗಳು ಒಂದಕ್ಕೊಂದು ಹತ್ತಿರವಾದಷ್ಟೂ ಕೌದಿಯು ಬಾಳಿಕೆ ಬರುತ್ತದೆ. ಬಟ್ಟೆಯು ಹರಿದರೂ ಹೊಲಿಗೆಯು ಅದನ್ನು ಹಿಡಿದುಕೊಂಡಿರುತ್ತದೆ.

ಕೆಲಸವು ಮುಗಿಯುವ ಹೊತ್ತಿಗೆ ಒಂದು ಚಿಕ್ಕ ಶಾಸ್ತ್ರವನ್ನು ಕೆಲವು ಮನೆಗಳಲ್ಲಿ ಮಾಡುವುದುಂಟು. ಕೌದಿಯನ್ನು ಬರಿಯ ಹೊಟ್ಟೆಯಲ್ಲಿ ಮುಚ್ಚಬಾರದೆಂದು, ಕೊನೆಯ ತೇಪೆಯ ಒಳಗೆ ನಾಲ್ಕು ಕಾಳು ಅಕ್ಕಿಯನ್ನೋ, ಒಂದು ಚೂರು ರೊಟ್ಟಿಯನ್ನೋ ಹೋಳಿಗೆಯನ್ನೋ ಇಟ್ಟು ಹೊಲಿಯುತ್ತಾರೆ. ಅದನ್ನು ಹೊದೆಯುವವರ ಮನೆಯಲ್ಲಿ ಅನ್ನಕ್ಕೆ ಕೊರತೆಯಾಗದಿರಲಿ ಎಂಬುದು ಇದರ ಭಾವ. ಆ ತಾಯಿಯೂ ನಮ್ಮೆದುರಿಗೆ ಅಡುಗೆಯ ಮನೆಯಿಂದ ಅಕ್ಕಿಯನ್ನು ತಂದು ಹಾಗೆಯೇ ಮಾಡಿದಳು.

ಇಷ್ಟನ್ನು ಕಂಡಮೇಲೆ ನಾವು ಆ ಕೌದಿಯನ್ನು ಕೊಂಡುಕೊಳ್ಳಬೇಕೆಂದು ಬಯಸಿ ಬೆಲೆಯನ್ನು ಕೇಳಿದೆವು. "ಇದಕ್ಕ ಇಷ್ಟ ರೊಕ್ಕ ಅಂತ ಹೆಂಗ ಹೇಳ್ಲ್ರೀ? ನೀವ ತಿಳದ ಕೊಡ್ರಿ," ಎಂದಳು. ಬಲವಂತ ಮಾಡಿದಮೇಲೆ 1,200 ರೂಪಾಯಿಗಳೆಂದು ಮೆಲ್ಲಗೆ ಹೇಳಿದಳು. ನಾವು, ಪೇಟೆಯವರಿಗೆ ಸಹಜವಾದ ಅಭ್ಯಾಸದಿಂದ, ಸಾವಿರಕ್ಕೆ ಕೊಡು ತಾಯಿ ಎಂದೆವು. ಆಕೆಯು ಎದುರಾಡದೆ ಕೊಟ್ಟಳು. ಲಾಭವಾಯಿತೆಂಬ ಸಂತೋಷದಿಂದ ನಾವು ಊರಿಗೆ ಮರಳಿದೆವು. ಇದನ್ನು ಮರೆಮಾಚದೆ ಹೇಳುತ್ತಿರುವುದಕ್ಕೆ ಕಾರಣವುಂಟು.

ಮನೆಗೆ ಬಂದು, ಒಂದು ರಾತ್ರಿ ಕೌದಿಯನ್ನು ದೀಪದ ಕೆಳಗೆ ಹರಡಿಕೊಂಡು, ಕುತೂಹಲಕ್ಕಾಗಿ ಅದರ ಹೊಲಿಗೆಯನ್ನು ಎಣಿಸತೊಡಗಿದೆವು. ಲೆಕ್ಕವನ್ನು ನೀವೂ ನಮ್ಮೊಡನೆ ಮಾಡಬಹುದು. ಉದ್ದ 7 ಅಡಿ, ಅಗಲ 5 ಅಡಿ. ಸಾಲಿನಿಂದ ಸಾಲಿಗೆ ಅರ್ಧ ಅಂಗುಲ. ಅಲ್ಲಿಗೆ ಅಗಲದಲ್ಲಿ 120 ಸಾಲುಗಳು, ಒಂದೊಂದು ಸಾಲೂ 7 ಅಡಿ. ಒಟ್ಟು 840 ಅಡಿ, ಎಂದರೆ 280 ಗಜಗಳ ಹೊಲಿಗೆ. ಅಂಗುಲಕ್ಕೆ ಮೂರು ಹೊಲಿಗೆಯಂತೆ ಹಿಡಿದರೆ 30,240 ಹೊಲಿಗೆಗಳು. ಆರು ಪದರದ ದಪ್ಪದಲ್ಲಿ ನಿಮಿಷಕ್ಕೆ ಹತ್ತು ಹೊಲಿಗೆ ಬೀಳುವುದೆಂದು ಎಣಿಸಿದರೂ ಬರಿಯ ಹೊಲಿಗೆಗೇ 50 ಗಂಟೆ ಬೇಕು. ಒಗೆಯುವುದು, ಕತ್ತರಿಸುವುದು, ತುಂಡುಗಳನ್ನು ಹೊಂದಿಸುವುದು, ಅಂಚು ಕಟ್ಟುವುದು, ಇವುಗಳಿಗೆ ಇನ್ನು 14 ಗಂಟೆಯನ್ನು ಸೇರಿಸಿದರೆ 64 ಗಂಟೆಯಾಯಿತು; ದಿನಕ್ಕೆ ಎಂಟು ಗಂಟೆಯಂತೆ ಎಂಟು ಪೂರ್ಣ ದಿನಗಳ ದುಡಿಮೆ. ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯಲ್ಲಿ ಮಣ್ಣು ಹೊರುವವರಿಗೆ ಕರ್ನಾಟಕದಲ್ಲಿ 2024-25ನೆಯ ಸಾಲಿಗೆ ಗೊತ್ತುಮಾಡಿದ್ದ ಕೂಲಿಯು ದಿನಕ್ಕೆ 349 ರೂಪಾಯಿ. ಆ ದರದಲ್ಲಿ ಎಂಟು ದಿನಕ್ಕೆ 2,792 ರೂಪಾಯಿಗಳಾಗುತ್ತವೆ. ನಾವು ಕೊಟ್ಟುದು ಸಾವಿರ. ಗಂಟೆಗೆ ಹದಿನಾರು ರೂಪಾಯಿಗೂ ಕಡಮೆ. ದಾರದ ಬೆಲೆಯನ್ನು ಇದರಲ್ಲಿ ಸೇರಿಸಿಲ್ಲ. ಐವತ್ತು ವರ್ಷಗಳ ಅಭ್ಯಾಸಕ್ಕೆ, ಆ ಹಳದಿ ತುಂಡನ್ನು ನಾಲ್ಕನೆಯ ಕಡೆ ಇಟ್ಟ ಕಣ್ಣಿಗೆ, ಏನನ್ನೂ ಸೇರಿಸಿಲ್ಲ. ನಾವು ಚೌಕಾಸಿ ಮಾಡಿ ಉಳಿಸಿದ 200 ರೂಪಾಯಿಯು ಯಾರ ಹೊಟ್ಟೆಯಿಂದ ಬಂದುದೆಂಬುದು ಆ ರಾತ್ರಿ ನಮಗೆ ಸ್ಪಷ್ಟವಾಯಿತು. ಕೌದಿಯ ಹೊಟ್ಟೆಯನ್ನು ಆಕೆಯು ತುಂಬಿಸಿದ್ದಳು. ಆಕೆಯ ಹೊಟ್ಟೆಯ ಮಾತನ್ನು ನಾವು ಕೇಳಿರಲಿಲ್ಲ.

ಕೌದಿಯು ಹೀಗೆ ಅಗ್ಗವಾಗಿರುವುದಕ್ಕೆ ಕಾರಣಗಳೇನು? ನಮಗೆ ತೋರಿದಂತೆ ಮುಖ್ಯವಾದುವು ಮೂರು.

ಮೊದಲನೆಯದು, ಕಾರ್ಖಾನೆಯ ಹೊದಿಕೆ. ಹರಿಯಾಣದ ಪಾನಿಪತ್ತು ಎಂಬ ನಗರದಲ್ಲಿ ಪರದೇಶಗಳಿಂದ ಹಡಗಿನಲ್ಲಿ ಬಂದ ಹಳೆಯ ಉಣ್ಣೆಯ ಉಡುಪುಗಳನ್ನು ಹರಿದು, ಎಳೆ ಎಳೆಯಾಗಿ ಬಿಡಿಸಿ, ಮತ್ತೆ ನೂತು ಕಂಬಳಿಗಳನ್ನು ನೇಯುವ ದೊಡ್ಡ ಉದ್ಯಮವು ಬೆಳೆದಿದೆ. ಪಾಲಿಯೆಸ್ಟರಿನ ನುಣುಪಾದ ಹೊದಿಕೆಗಳೂ ಬಂದಿವೆ. ಹಳೆಯ ಬಟ್ಟೆಯಿಂದ ಹೊದಿಕೆ ಮಾಡುವ ವಿಷಯದಲ್ಲಿ ಪಾನಿಪತ್ತಿನ ಯಂತ್ರವೂ ಮರಳಿಯ ತಾಯಿಯೂ ಒಂದೇ ಕಸುಬಿನವರು. ಆದರೆ ಯಂತ್ರದ ವೇಗದೊಡನೆ ಕೈಯು ಬೆಲೆಯಲ್ಲಿ ಸ್ಪರ್ಧಿಸಲಾರದು, ಸ್ಪರ್ಧಿಸಲೂ ಬಾರದು.

ಎರಡನೆಯದು, ಹೊಲಿಯುವ ಬಟ್ಟೆಯೇ ಬದಲಾಗಿರುವುದು. ನೂಲಿನ ಸೀರೆಯು ಒಗೆದಷ್ಟೂ ಮೆದುವಾಗುತ್ತದೆ, ಬೆವರನ್ನು ಹೀರುತ್ತದೆ, ಸೂಜಿಗೆ ದಾರಿ ಕೊಡುತ್ತದೆ. ಇಂದು ಹಳ್ಳಿಯಲ್ಲಿಯೂ ನಿತ್ಯದ ಉಡುಗೆಯು ನೈಲಾನ್, ಪಾಲಿಯೆಸ್ಟರ್. ಅದು ಪದರದಲ್ಲಿ ಜಾರುತ್ತದೆ. ಬೇಸಗೆಯಲ್ಲಿ ಸೆಕೆ ಹತ್ತುತ್ತದೆ. ಒಳ್ಳೆಯ ಕೌದಿಗೆ ಬೇಕಾದ ಹಳೆಯ ನೂಲಿನ ಬಟ್ಟೆಯು ಹೊಲಿಯುವವರ ಮನೆಯಲ್ಲಿ ಇಲ್ಲವಾಗುತ್ತಿದೆ.

ಮೂರನೆಯದು, ಮತ್ತು ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ದೊಡ್ಡದು, ಇದನ್ನು ಒಂದು ಕಸುಬೆಂದು ಯಾರೂ ಎಣಿಸದಿರುವುದು. ಅದೇ ಸೀಮೆಯ ಕಿನ್ನಾಳದ ಬಣ್ಣದ ಗೊಂಬೆಗೆ ಹೆಸರಿದೆ; ನೆರೆಯ ಇಳಕಲ್ಲಿನ ಸೀರೆಗೆ ಹೆಸರಿದೆ; ಧಾರವಾಡದ ಕಡೆಯ ಕಸೂತಿಗೆ ಹೆಸರಿದೆ. ಕೌದಿಯಾದರೋ ಮನೆಗೆಲಸ. ಅನ್ನ ಬೇಯಿಸುವುದಕ್ಕೆ, ಕಸ ಗುಡಿಸುವುದಕ್ಕೆ ಹೇಗೆ ಕೂಲಿಯಿಲ್ಲವೋ ಹಾಗೆಯೇ ಇದಕ್ಕೂ ಇಲ್ಲವೆಂಬುದು ಲೋಕದ ತೀರ್ಮಾನ. ಊರೂರು ತಿರುಗುತ್ತ ಕೌದಿ ಹೊಲಿದುಕೊಡುವ ಅಲೆಮಾರಿ ಸಮುದಾಯಗಳ ಹೆಂಗಸರನ್ನೂ ಜನರು ಕುಶಲಿಗಳೆಂದು ಕರೆದುದಿಲ್ಲ. 2023ನೆಯ ಇಸವಿ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರವು ವಿಶ್ವಕರ್ಮ ಯೋಜನೆಯನ್ನು ಆರಂಭಿಸಿದಾಗ 18 ಕಸುಬುಗಳನ್ನು ಹೆಸರಿಸಿತು. ಅದರಲ್ಲಿ ದರ್ಜಿಯಿದ್ದಾನೆ, ಮೀನುಬಲೆ ಹೆಣೆಯುವವನಿದ್ದಾನೆ, ಚಾಪೆ ಬುಟ್ಟಿ ಹೆಣೆಯುವವರಿದ್ದಾರೆ. ಕೌದಿ ಹೊಲಿಯುವವಳ ಹೆಸರು ಆ ಪಟ್ಟಿಯಲ್ಲಿ ಬರಲಿಲ್ಲ.

ಹಾಗಾದರೆ ಇದನ್ನು ಜೀವನೋಪಾಯವನ್ನಾಗಿ ಮಾಡುವುದು ಅಸಾಧ್ಯವೆ? ಅಸಾಧ್ಯವಲ್ಲವೆಂದು ತೋರಿಸುವ ನಿದರ್ಶನಗಳು ನಮ್ಮ ನಾಡಿನಲ್ಲಿಯೂ ಹೊರಗೂ ಇವೆ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡುಗಳ ನಡುವೆ ಸಿದ್ದಿಯರೆಂಬ ಜನರಿದ್ದಾರೆ. ಇವರ ಪೂರ್ವಜರು ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರು. ಸಿದ್ದಿ ಹೆಂಗಸರು ಹೊಲಿಯುವ ಕೌದಿಯು ಅಂಚಿನಿಂದ ಆರಂಭವಾಗಿ ಸುತ್ತು ಸುತ್ತಾಗಿ ನಡುವಿಗೆ ಬಂದು ಮುಗಿಯುತ್ತದೆ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಿಸಿ ಹೊಲಿದ ಹೂವುಗಳಿರುತ್ತವೆ. ಅವಿಲ್ಲದ ಕೌದಿಯು ಬೆತ್ತಲೆಯಾದುದೆಂದು ಅವರ ಭಾವನೆ. ಅಮೆರಿಕದ ಕಲಾ ಇತಿಹಾಸಕಾರರಾದ ಹೆನ್ರಿ ಡ್ರೂವಲ್ ಅವರು 2004ರಿಂದ ಈ ಕೌದಿಗಳನ್ನು ಅಭ್ಯಾಸಮಾಡಿ, ಹೊಲಿಯುವವರ ಒಂದು ಸಹಕಾರಿ ಕೂಟಕ್ಕೆ ಬೆಂಬಲವಾಗಿ ನಿಂತರು. 2011ರಲ್ಲಿ ಸಿದ್ದಿಯರ ಕೌದಿಗಳು ನ್ಯೂಯಾರ್ಕ್ ನಗರದ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶಿತವಾದುವು. ಮಳೆಗಾಲದ ಚಳಿಗೆ ಮಕ್ಕಳಿಗೆಂದು ಹೊಲಿದುದನ್ನು ಜಗತ್ತು ಗೋಡೆಯ ಮೇಲೆ ಕಂಡಿತು.

ಅಮೆರಿಕದಲ್ಲಿಯೇ ಇದಕ್ಕೂ ಹಿಂದಿನ ಉದಾಹರಣೆಯೊಂದುಂಟು. ಅಲಬಾಮ ಸಂಸ್ಥಾನದ ಗೀಸ್ ಬೆಂಡ್ ಎಂಬುದು ನದಿಯ ತಿರುವಿನಲ್ಲಿರುವ ಬಡ ಗ್ರಾಮ. ಗುಲಾಮರಾಗಿದ್ದವರ ಸಂತತಿಯವರು ಅಲ್ಲಿಯ ನಿವಾಸಿಗಳು. ಹೊಲದಲ್ಲಿ ಸವೆದ ಷರಾಯಿ ಅಂಗಿಗಳಿಂದಲೇ ಅಲ್ಲಿಯ ಹೆಂಗಸರು ಹೊದಿಕೆಗಳನ್ನು ಹೊಲಿಯುತ್ತಿದ್ದರು. 1966ರಲ್ಲಿ, ಕರಿಯ ಜನರು ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಕಾಲದಲ್ಲಿ, ಆ ಸುತ್ತಿನ ಹೆಂಗಸರು ಸೇರಿ ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರ ಸಂಘವನ್ನು ಕಟ್ಟಿದರು. ಮತದಾರರಾಗಿ ಹೆಸರು ಬರೆಸಿದ ಕಾರಣಕ್ಕೆ ಒಕ್ಕಲೆಬ್ಬಿಸಲ್ಪಟ್ಟ ಕುಟುಂಬಗಳಿಗೆ ಈ ಸಂಘವು ತಾನು ಕೊಂಡ ಭೂಮಿಯಲ್ಲಿ ನಿವೇಶನಗಳನ್ನು ಮಾರಿತು. ಸೂಜಿಯಿಂದ ನೆಲವನ್ನು ಗಳಿಸಿದರೆಂದು ಹೇಳಿದರೆ ತಪ್ಪಾಗಲಾರದು. ಆದರೆ ಅವರ ಅನುಭವದಲ್ಲಿ ಒಂದು ಎಚ್ಚರಿಕೆಯೂ ಇದೆ. ದೊಡ್ಡ ಅಂಗಡಿಗಳು ಒಂದೇ ಅಳತೆಯ, ಒಂದೇ ನಮೂನೆಯ ಹೊದಿಕೆಗಳನ್ನು ಕೇಳಿದುವು. ಸಂಬಳವು ಬಂದಿತು, ಆದರೆ ಬಣ್ಣವನ್ನು ಆರಿಸುವ ಸ್ವಾತಂತ್ರ್ಯವು ಹೋಯಿತು. ಮನೆಯಲ್ಲಿ ತಮ್ಮ ಇಷ್ಟದಂತೆ ಹೊಲಿದ ಹೊದಿಕೆಗಳಿಗೇ 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯದ ಗೋಡೆಗಳ ಮೇಲೆ ಸ್ಥಾನ ದೊರೆಯಿತು. 2006ರಲ್ಲಿ ಅವು ಆ ದೇಶದ ಅಂಚೆಚೀಟಿಗಳ ಮೇಲೆ ಬಂದುವು. ಕೀರ್ತಿಯು ಹೀಗೆ ಹಬ್ಬಿದಮೇಲೆ, ಅದರಿಂದ ಬಂದ ಹಣದಲ್ಲಿ ತಮ್ಮ ಪಾಲು ತಮಗೆ ಸಲ್ಲಲಿಲ್ಲವೆಂದು 2007ರಲ್ಲಿ ಕೆಲವರು ನ್ಯಾಯಾಲಯಕ್ಕೂ ಹೋಗಬೇಕಾಯಿತು. ಮರುವರ್ಷ ಆ ವ್ಯಾಜ್ಯಗಳು ಮುಗಿದುವು.

ಅಷ್ಟು ದೂರ ಹೋಗುವುದೇತಕ್ಕೆ? ತುಂಗಭದ್ರೆಯ ಆಚೆಯ ದಡದ ಕಡೆ, ಸಂಡೂರಿನಲ್ಲಿ, 1980ರ ದಶಕದಲ್ಲಿ ಆರಂಭವಾದ ಕುಶಲ ಕಲಾ ಕೇಂದ್ರವು ಲಂಬಾಣಿ ಹೆಂಗಸರ ಸೂಜಿಯ ಕೆಲಸವನ್ನು ತಾಂಡಾಗಳಿಂದ ಪೇಟೆಗೆ ತಂದಿದೆ. 2023ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ಇಪ್ಪತ್ತು ರಾಷ್ಟ್ರಗಳ ಕೂಟದ ಸಂಸ್ಕೃತಿ ಸಭೆಯು ನೆರೆದಾಗ ಈ ಹೆಂಗಸರ ಕೈಕೆಲಸದ 1,755 ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆಯನ್ನು ಪಡೆದರು. ಗಂಗಾವತಿ ತಾಲ್ಲೂಕಿನದೇ ಆದ ಆನೆಗೊಂದಿಯಲ್ಲಿ 1997ರಲ್ಲಿ ಸ್ಥಾಪಿತವಾದ ಕಿಷ್ಕಿಂಧಾ ಟ್ರಸ್ಟು, ಬಾಳೆಯ ನಾರನ್ನು ಹೆಣೆದು ಚೀಲ ಬುಟ್ಟಿಗಳನ್ನು ಮಾಡುವುದನ್ನು ಹೆಂಗಸರ ಕಸುಬನ್ನಾಗಿ ಬೆಳೆಸಿದೆ. ಗೊನೆ ಕಡಿದಮೇಲೆ ಎಸೆಯುವ ಬಾಳೆಯ ದಿಂಡಿಗೆ ಬೆಲೆ ಬರುವುದಾದರೆ, ಉಟ್ಟು ಬಿಟ್ಟ ನೂಲಿನ ಸೀರೆಗೆ ಏಕೆ ಬಾರದು?

ಈ ನಿದರ್ಶನಗಳಿಂದ ನಮಗೆ ತಿಳಿಯುವುದಿಷ್ಟು. ಪ್ರೀತಿಯ ಕೆಲಸವು ಜೀವನೋಪಾಯವಾಗಬೇಕಾದರೆ ಎರಡು ಸಂಗತಿಗಳು ಒಟ್ಟಿಗೆ ನಡೆಯಬೇಕು. ದುಡಿದ ಗಂಟೆಗೆ ಹಣವು ಸಲ್ಲಬೇಕು. ಆರಿಸುವ ಅಧಿಕಾರವು ಹೊಲಿಯುವವಳ ಕೈಯಲ್ಲಿಯೇ ಉಳಿಯಬೇಕು. ಮೊದಲನೆಯದು ಇಲ್ಲದಿದ್ದರೆ ಪ್ರೀತಿಯ ಹೆಸರಿನಲ್ಲಿ ಬಿಟ್ಟಿ ದುಡಿಮೆಯಾಗುತ್ತದೆ. ಎರಡನೆಯದು ಇಲ್ಲದಿದ್ದರೆ ಆಕೆಯು ಕೂಲಿಯನ್ನು ಪಡೆದಾಳು; ಆದರೆ ಹೊಲಿಯಲು ಕುಳಿತಾಗ ಹಸಿವು ನೀರಡಿಕೆಗಳನ್ನು ಮರೆಯಿಸುತ್ತಿದ್ದ ಆ ಸುಖವು ಆಕೆಗೆ ದೊರೆಯಲಾರದು. ಹಾಗೆ ಮಾಡಿಸಿದ ಕೌದಿಗೂ ಕಾರ್ಖಾನೆಯ ಹೊದಿಕೆಗೂ ಹೆಚ್ಚಿನ ಅಂತರವು ಉಳಿಯುವುದಿಲ್ಲ.

ಸಂಘಗಳೂ ಸರ್ಕಾರವೂ ಮಾಡಬೇಕಾದ ಕೆಲಸವು ಬೇಕಾದಷ್ಟಿದೆ. ಕೌದಿಯನ್ನು ಕುಶಲ ಕಸುಬುಗಳ ಪಟ್ಟಿಗೆ ಸೇರಿಸುವುದು, ಹೊಲಿಯುವವರ ಸಹಕಾರ ಕೂಟಗಳಿಗೆ ಮುಂಗಡ ಹಣವನ್ನು ಒದಗಿಸುವುದು, ಇವು ಅವರ ಪಾಲಿನವು. ಆದರೆ ನಗರವಾಸಿಗಳಾದ ನಮ್ಮ ಪಾಲಿನದೂ ಕೆಲವಿವೆ, ಮತ್ತು ಅವಕ್ಕೆ ಯಾವ ಕಾಯಿದೆಯೂ ಬೇಕಾಗಿಲ್ಲ. ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟಿರುವ ಹಳೆಯ ನೂಲಿನ ಸೀರೆ ಪಂಚೆಗಳನ್ನು ಪಾತ್ರೆಯವನಿಗೆ ಹಾಕದೆ ಕೌದಿ ಹೊಲಿಯುವವರಿಗೆ ಮುಟ್ಟಿಸಬಹುದು. ಹೊಲಿಸುವಾಗ ಅರ್ಧ ಹಣವನ್ನು ಮೊದಲೇ ಕೊಡಬಹುದು. ಎಂಟು ಹತ್ತು ದಿನ ಹೊಲಿಯುವವಳು ಆ ಎಂಟು ಹತ್ತು ದಿನವೂ ಉಣ್ಣಬೇಕಲ್ಲವೆ? ಯಾವ ಬಣ್ಣದ ಪಕ್ಕದಲ್ಲಿ ಯಾವ ಬಣ್ಣವೆಂಬುದನ್ನು ಆಕೆಗೇ ಬಿಡಬಹುದು. ಪೇಟೆಯ ಅಂಗಡಿಯಲ್ಲಿ ದೊಡ್ಡ ಬೆಲೆಯ ಕೌದಿಯನ್ನು ಕಂಡಾಗ, ಇದನ್ನು ಹೊಲಿದವಳು ಯಾರು, ಆಕೆಗೆ ಸಂದುದೆಷ್ಟು ಎಂದು ಸಂಕೋಚವಿಲ್ಲದೆ ಕೇಳಬಹುದು. ಕೊನೆಯದಾಗಿ, ಚೌಕಾಸಿಗೆ ಮೊದಲು ಒಂದು ಸಾಲಿನ ಹೊಲಿಗೆಯನ್ನಾದರೂ ಎಣಿಸಿ ನೋಡಬಹುದು. ಎಣಿಸಿದವರಿಗೆ ಚೌಕಾಸಿಯ ಬಾಯಿ ಬರುವುದಿಲ್ಲವೆಂಬುದು ನಮ್ಮ ಅನುಭವ.

ನಮ್ಮ ಕಥೆಯು ಎಲ್ಲಿಗೆ ಮುಗಿಯಿತೆಂದು ಕೇಳುವಿರಾಗಿ ಅದನ್ನೂ ಹೇಳಿಬಿಡುತ್ತೇವೆ. ಮರುವರ್ಷ ಆ ಕಡೆಗೆ ಹೋಗುವ ಸಂದರ್ಭವು ಒದಗಿದಾಗ ನಾವು ಮರಳಿಗೆ ಹೋಗಿ, ಲೆಕ್ಕದಂತೆ ಕೊಡಬೇಕಾಗಿದ್ದ ಉಳಿದ ಹಣವನ್ನು ಆ ತಾಯಿಯ ಮುಂದೆ ಇಟ್ಟೆವು. ಗಂಟೆ ನಿಮಿಷಗಳ ಲೆಕ್ಕವನ್ನೂ ವಿವರಿಸಿದೆವು. ಆಕೆಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಮೇಲೆ ಬಹಳ ಹೊತ್ತು ನಕ್ಕಳು. ತನ್ನ ಹೊಲಿಗೆಯನ್ನು ಯಾರಾದರೂ ಎಣಿಸಿಯಾರೆಂದು ಆಕೆಯು ಕನಸಿನಲ್ಲಿಯೂ ನೆನೆದಿರಲಿಲ್ಲ. ಆಮೇಲೆ ಹಣವನ್ನು ಕಣ್ಣಿಗೆ ಒತ್ತಿಕೊಂಡು ಹೀಗೆಂದಳು: "ಆದ ಕೌದಿ ಮಾತ ಆತ್ರಿ. ಈ ರೊಕ್ಕ ಮುಂದಿನದಕ್ಕ ಇರ್ಲಿ. ಬರೂ ಮುಂದ ನಿಮ್ಮ ಮನ್ಯಾಗಿನ ಹಳೇ ನೂಲಿನ ಸೀರಿ ತಗೊಂಡ ಬರ್ರಿ. ನೈಲಾನ್ ಬ್ಯಾಡ್ರಿ."

ಹಳೆಯ ಸೀರೆಗಳನ್ನು ಒಯ್ದು ಕೊಟ್ಟೆವು. ನಮ್ಮ ತಾಯಿಯವರು ಉಡುತ್ತಿದ್ದ ಹಸುರು ಸೀರೆಯೊಂದು ಅದರಲ್ಲಿತ್ತು. ಅದನ್ನು ನಡುವೆ ಇಡಬೇಕೆಂದು ನಮಗೆ ಆಸೆಯಿತ್ತು. ಆದರೆ ಬಾಯಿಬಿಟ್ಟು ಹೇಳಲಿಲ್ಲ. ಕೌದಿಯು ಬಂದಾಗ ನೋಡಿದೆವು: ಹಸುರು ತುಂಡುಗಳು ನಾಲ್ಕು ಅಂಚುಗಳಲ್ಲಿ ಬದುವಿನಂತೆ ಸುತ್ತ ಹಬ್ಬಿದ್ದುವು, ನಡುವೆ ಹಳದಿ. ಆಕೆಯು ಮಾಡಿದುದೇ ಸರಿಯಾಗಿತ್ತು.

ನಮಗೆ ಗೊತ್ತುಮಾಡಿದ ಕಾಲವು ಮುಗಿಯುತ್ತ ಬಂದಿತು. ಈ ರಾತ್ರಿ ನಿಮ್ಮ ಮನೆಯಲ್ಲಿ ಅಜ್ಜಿಯೋ ತಾಯಿಯೋ ಹೊಲಿದ ಕೌದಿಯೊಂದಿದ್ದರೆ, ಮಲಗುವ ಮುನ್ನ ಅದರ ಒಂದು ಸಾಲನ್ನು ಬೆರಳಿನಿಂದ ಮುಟ್ಟಿ ನೋಡಿರೆಂದು ಬೇಡಿಕೊಂಡು ನಿಮ್ಮಿಂದ ಬೀಳ್ಕೊಳ್ಳುತ್ತೇವೆ.